ಮೇಸ್ತ್ರಿ ಯಾಕೆ ಕಿವಿ ಮುಚ್ಚಿಕೊಳ್ಳಲಿಲ್ಲ

ಮದುವೆಯಾಗಿ ಪಾತ್ರೆ ಬೀದಿಗೆ ಬಂದ ಹೊಸತರಲ್ಲಿ ಮೇಸ್ತ್ರಿಯ ಸೊಸೆಗೆ ಒಂದು ಭಯವಿತ್ತು. ಈ ಬೀದಿಯ ಜನ ಬೆಳಗಿನಿಂದ ಸಂಜೆಯವರೆಗೆ ಜಗಳವಾಡುತ್ತಾರೆ ಎಂದು ಅವಳು ತಿಳಿದುಕೊಂಡಿದ್ದಳು. ಅತ್ತೆ ಊಟಕ್ಕೆ ಕರೆದರೆ ಜಗಳ. ಗಂಡ ಕುಡಿಯಲು ನೀರು ಕೇಳಿದರೆ ಜಗಳ. ಎದುರು ಮನೆಯಾಕೆ ಮಳೆ ಬರುವ ಹಾಗಿದೆ ಎಂದರೂ ಜಗಳಕ್ಕೆ ನಿಂತಂತೆಯೇ ಇರುತ್ತಿತ್ತು. ಮೊದಲ ಸಲ ತವರಿಗೆ ಹೋದಾಗ ಅವಳ ತಾಯಿ, "ಯಾಕೆ ಹೀಗೆ ಕಿರುಚ್ತೀಯ, ನನಗೇನು ಕಿವುಡಾ?" ಎಂದಳು. ಆಗ ಗೊತ್ತಾಯಿತು. ಅದು ಜಗಳವಲ್ಲ. ಆ ಬೀದಿಯಲ್ಲಿ ಮೆಲ್ಲಗೆ ಆಡಿದ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ, ಅಷ್ಟೆ.

ಬೀದಿಯ ಎರಡೂ ಬದಿಗೆ ಕೆಲಸದ ಕೊಠಡಿಗಳು. ಎಲ್ಲ ಕೊಠಡಿಯಲ್ಲೂ ತಾಮ್ರದ ತಗಡನ್ನು ಸುತ್ತಿಗೆಯಿಂದ ಬಡಿದು ಪಾತ್ರೆ ಮಾಡುವ ಕೆಲಸ. ಬಡಿತದ ಸದ್ದು ಗೋಡೆಗೆ ತಾಗಿ ಇಮ್ಮಡಿಯಾಗಿ ಹಿಂದಿರುಗುತ್ತಿತ್ತು. ಸಂಜೆ ಕೆಲಸ ನಿಂತ ಮೇಲೂ ಗಂಡಸರ ಕಿವಿಯಲ್ಲಿ ಗುಂಯ್ ಎಂಬ ಸದ್ದು ನಿಲ್ಲುತ್ತಿರಲಿಲ್ಲ. ಮೇಸ್ತ್ರಿಯ ಅಣ್ಣನಂತೂ ಪೂರ್ತಿ ಕಿವುಡಾಗಿ, ಕೆಲಸ ಬಿಟ್ಟು, ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಊಟ ಆಯ್ತಾ ಎಂದರೆ ನಗುತ್ತಿದ್ದ. ಯಾರೋ ತೀರಿಕೊಂಡರು ಎಂದರೂ ನಗುತ್ತಿದ್ದ. ಮನೆಯವರು ಅವನೊಡನೆ ಮಾತಾಡುವುದನ್ನೇ ಕಡಿಮೆ ಮಾಡಿದ್ದರು. ಮಾತಾಡಬಾರದು ಎಂದಲ್ಲ, ಕೂಗಿ ಕೂಗಿ ಗಂಟಲು ಬಿದ್ದುಹೋಗುತ್ತಿತ್ತು.

ಇದೆಲ್ಲ ಆರೋಗ್ಯ ಕೇಂದ್ರದವರಿಗೂ ಗೊತ್ತಿತ್ತು. ಹಿಂದಿನ ವರ್ಷ ಅವರು ಗಾಡಿಯಲ್ಲಿ ಮೈಕು ಕಟ್ಟಿಕೊಂಡು ಬಂದು, ಸದ್ದಿನಿಂದ ಕಿವಿ ಹಾಳಾಗುತ್ತದೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಸಾರಿದ್ದರು. ಬಡಿತದ ಸದ್ದಿಗೆ ಮೈಕಿನ ಸದ್ದೂ ಸೇರಿ ಅಂದು ಎಲ್ಲರಿಗೂ ತಲೆನೋವು ಬಂದಿತ್ತು. ಕಿವಿಯ ಒಳಗಿನ ಚಿತ್ರ ತೋರಿಸಿದರು. ಸ್ಪಂಜಿನ ಬಿರಡೆಗಳನ್ನು ಹಂಚಿ, ಕೆಲಸ ಮಾಡುವಾಗ ಕಿವಿಗೆ ತುರುಕಿಕೊಳ್ಳಿ ಎಂದರು. ಎಲ್ಲರೂ ತಲೆಯಾಡಿಸಿ ತೆಗೆದುಕೊಂಡರು. ಒಂದೆರಡು ತಿಂಗಳಲ್ಲಿ ಆ ಬಿರಡೆಗಳು ಎಣ್ಣೆ ಸೀಸೆಯ ಬಾಯಿಗೆ, ಅಲುಗಾಡುವ ಬೆಂಚಿನ ಕಾಲಡಿಗೆ, ಮಕ್ಕಳ ಆಟದ ಡಬ್ಬಿಗೆ ಸೇರಿದ್ದವು. ಕಿವಿಯಲ್ಲಿ ಮಾತ್ರ ಒಂದೂ ಇರಲಿಲ್ಲ.

ಕೇಂದ್ರದ ಡಾಕ್ಟರಮ್ಮನಿಗೆ ಬೇಸರವಾಯಿತು. ಆ ಜನಕ್ಕೆ ತಿಳಿವಳಿಕೆಯೇ ಇಲ್ಲ, ಈ ಸಲ ಇನ್ನೂ ದೊಡ್ಡ ಚಿತ್ರ ಮಾಡಿಸಿ ಗೋಡೆಗೋಡೆಗೂ ಅಂಟಿಸೋಣ ಎಂದು ಅವರು ಯೋಚಿಸಿದರು. ಅಲ್ಲಿನ ನರ್ಸಮ್ಮನಿಗೆ ಮಾತ್ರ ಬೇರೆಯೇ ಒಂದು ಹುಳ ತಲೆಗೆ ಹೊಕ್ಕಿತ್ತು. ಪಾತ್ರೆ ಬೀದಿಯ ಹೆಂಗಸರು ಚುಚ್ಚುಮದ್ದಿಗೆ ಮಕ್ಕಳನ್ನು ಕರೆತಂದಾಗ ತಾವಾಗಿಯೇ ಹೇಳುತ್ತಿದ್ದರು, ಬಡಿದು ಬಡಿದು ನಮ್ಮ ಗಂಡಸರ ಕಿವಿ ಹೋಯಿತು ಎಂದು. ಅಂದ ಮೇಲೆ ತಿಳಿವಳಿಕೆ ಇಲ್ಲವೆಂದು ಹೇಳುವುದು ಹೇಗೆ? ಗೊತ್ತಿದೆ. ಬಿರಡೆಯನ್ನೂ ಪುಕ್ಕಟೆ ಕೊಟ್ಟಿದ್ದೇವೆ. ಆದರೂ ಹಾಕಿಕೊಳ್ಳುವುದಿಲ್ಲ. ಯಾಕೆ?

ಚಿತ್ರ ಮಾಡಿಸುವ ಮುಂಚೆ ನನಗೆ ಸ್ವಲ್ಪ ಕಾಲಾವಕಾಶ ಕೊಡಿ, ಹೋಗಿ ಕೂತು ನೋಡಿಕೊಂಡು ಬರುತ್ತೇನೆ ಎಂದು ಆಕೆ ಡಾಕ್ಟರಮ್ಮನನ್ನು ಕೇಳಿಕೊಂಡಳು. ಕೂತು ನೋಡುವುದೂ ಒಂದು ಕೆಲಸವೇ ಎಂದು ಡಾಕ್ಟರಮ್ಮ ನಕ್ಕರು. ಆದರೂ ಒಪ್ಪಿದರು.

ಹೀಗೆ ನರ್ಸಮ್ಮ ಒಂದು ಬೆಳಗ್ಗೆ ಬರಿಗೈಯಲ್ಲಿ ಪಾತ್ರೆ ಬೀದಿಗೆ ಬಂದು, ಮೇಸ್ತ್ರಿಯ ಕೊಠಡಿಯ ಬಾಗಿಲಲ್ಲಿ ಬೋರಲು ಹಾಕಿದ್ದ ಒಂದು ಪಾತ್ರೆಯ ಮೇಲೆ ಕೂತಳು. ಮೇಸ್ತ್ರಿ ಆ ಬೀದಿಗೇ ಹಿರಿಯ ಕೆಲಸಗಾರ. ಬೇರೆ ಕೊಠಡಿಯವರೂ ತಮ್ಮ ಪಾತ್ರೆಯನ್ನು ಅವನ ಬಳಿ ತಂದು, ಸರಿಯಾಗಿದೆಯಾ ನೋಡು ಎನ್ನುತ್ತಿದ್ದರು. ನರ್ಸಮ್ಮನನ್ನು ಕಂಡು ಅವನು ಹುಬ್ಬು ಗಂಟಿಕ್ಕಿದ. ಬಿರಡೆ ಹಾಕಿಕೊಳ್ಳಿ ಎಂದು ಹೇಳುವುದಾದರೆ ಹೋದ ವರ್ಷವೇ ಕೇಳಿಯಾಗಿದೆ ಎಂದ.

"ಹೇಳೋಕೆ ಬಂದಿಲ್ಲ ಮೇಸ್ತ್ರಿಗಳೇ, ಕೇಳೋಕೆ ಬಂದಿದೀನಿ" ಎಂದಳು ನರ್ಸಮ್ಮ.

ಅವನಿಗೆ ಅದು ಸರಿಯಾಗಿ ಕೇಳಿಸಲಿಲ್ಲ. ಒಳಗೆ ಪಾತ್ರೆಗಳನ್ನು ಹುಳಿನೀರಿನಲ್ಲಿ ತೊಳೆದು ಹೊಳಪು ಕೊಡುತ್ತಿದ್ದ ಸೊಸೆಗೆ ಕೇಳಿಸಿತು. ಹಾಗೆಂದು ಹೇಳಿಕೊಂಡು ಬಂದ ಸರ್ಕಾರದವರನ್ನು ಅವಳು ಅದುವರೆಗೆ ನೋಡಿರಲಿಲ್ಲ. ಕುಡಿಯಲು ನೀರು ತಂದುಕೊಡುವ ನೆಪದಲ್ಲಿ ಹತ್ತಿರ ಬಂದು, ಏನು ಕೇಳುವುದಿದೆ ಎಂದು ವಿಚಾರಿಸಿದಳು.

ನರ್ಸಮ್ಮ ತಾನು ತರಬೇತಿಯಲ್ಲಿ ಕಲಿತದ್ದನ್ನು ಹೇಳಿದಳು. ಒಲೆಗೆ ಮೂರು ಕಲ್ಲು ಇರುವಂತೆ, ಮನುಷ್ಯ ಒಂದು ಹೊಸ ಅಭ್ಯಾಸ ಹಿಡಿಯಬೇಕಾದರೆ ಮೂರು ಸಂಗತಿ ಕೂಡಿಬರಬೇಕಂತೆ. ಅದು ಅವನ ಕೈಲಾಗಬೇಕು, ಅಂದರೆ ಮಾಡುವ ಬಗೆ ತಿಳಿದಿರಬೇಕು. ಮಾಡಲು ಅನುಕೂಲ ಇರಬೇಕು, ಸುತ್ತಲಿನ ಜನ, ಜಾಗ, ಕೆಲಸ ಯಾವುದೂ ಅಡ್ಡ ಬರಬಾರದು. ಮಾಡುವ ಮನಸ್ಸೂ ಇರಬೇಕು. ಒಂದು ಕಲ್ಲು ಜಾರಿದರೂ ಪಾತ್ರೆ ಮಗುಚಿಕೊಳ್ಳುತ್ತದೆ. ಎಲ್ಲಿ ಜಾರಿದೆ ಎಂದು ನೋಡದೆ, ನಾವು ಮಾತ್ರ ಒಂದೇ ಸಮನೆ ಬುದ್ಧಿ ಹೇಳುತ್ತಾ ಹೋಗುತ್ತೇವೆ.

"ಹಾಗಾದ್ರೆ ನಮ್ಮ ಮಾವನಿಗೆ ಯಾವ ಕಲ್ಲು ಜಾರಿದೆ?" ಸೊಸೆ ಕೇಳಿದಳು.

"ಅದೇ ನನಗೂ ಗೊತ್ತಿಲ್ಲಮ್ಮ. ಗೊತ್ತಿಲ್ಲ ಅಂತಲೇ ಬಂದಿದೀನಿ."

ಆ ಉತ್ತರ ಸೊಸೆಗೆ ಹಿಡಿಸಿತು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರ ಜೊತೆ ಮಾತಾಡುವುದು ಸುಲಭ. ಅಂದಿನಿಂದ ಅವಳೂ ಕಣ್ಣು ಕಿವಿ ತೆರೆದು ನೋಡತೊಡಗಿದಳು.

ಮೊದಮೊದಲು ಸಿಕ್ಕಿದ್ದು ಬಾಯಿಮಾತಿನ ಉತ್ತರಗಳೇ. ಮರೆತುಹೋಗುತ್ತದೆ ಎಂದ ಒಬ್ಬ. ತುರಿಸುತ್ತದೆ ಎಂದ ಇನ್ನೊಬ್ಬ. ನರ್ಸಮ್ಮ ಅಷ್ಟಕ್ಕೇ ಬಿಡಲಿಲ್ಲ. ಯಾಕೆ ತುರಿಸುತ್ತದೆ ಎಂದು ಅವರ ಕೈ ಹಿಡಿದು ನೋಡಿದಳು. ಕೈತುಂಬ ಕುಲುಮೆಯ ಮಸಿ. ಆ ಬೆರಳಿನಿಂದಲೇ ಬಿರಡೆ ಹಿಸುಕಿ ಕಿವಿಗೆ ತುರುಕಿದರೆ ತುರಿಸದೆ ಇದ್ದೀತೆ? ಮೇಲಾಗಿ, ಅದನ್ನು ಹಾಕಿಕೊಳ್ಳುವ ಬಗೆಯನ್ನು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ. ಕಿವಿಯ ಬಾಯಿಗೆ ಅಂಟಿಸಿಕೊಂಡು, ಇದರಿಂದ ಏನೂ ಆಗಲಿಲ್ಲ ಎಂದು ಬಿಸಾಡಿದ್ದರು.

ಆಮೇಲೆ ಆಕೆ ತಾನೇ ಒಂದು ಬೆಳಗ್ಗೆಯೆಲ್ಲ ಬಿರಡೆ ಹಾಕಿಕೊಂಡು ಕೊಠಡಿಯೊಳಗೆ ಕೂತಳು. ಮೇಸ್ತ್ರಿಯ ಮಗ ಕುಲುಮೆಯಿಂದ ಕೆಂಪಗೆ ಕಾದ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಅವಳ ಬೆನ್ನ ಹಿಂದೆ ಬಂದ. ಬಿಸಿ, ಬಿಸಿ ಎಂದು ಕೂಗುವುದು ಅಲ್ಲಿನ ರೂಢಿ. ಆಕೆಗೆ ಕೇಳಿಸಲಿಲ್ಲ. ಸೊಸೆ ಓಡಿಬಂದು ತೋಳು ಹಿಡಿದು ಎಳೆಯದಿದ್ದರೆ ಅಂದು ಬೆನ್ನು ಸುಟ್ಟುಹೋಗುತ್ತಿತ್ತು. ನರ್ಸಮ್ಮ ಬಿರಡೆಗಳನ್ನು ಕಿತ್ತು ಕೈಯಲ್ಲಿ ಹಿಡಿದಳು. ಸುಧಾರಿಸಿಕೊಂಡ ಮೇಲೆ ಆಕೆ, ಹೀಗಿರುವಾಗ ನಾನು ಈ ಕೆಲಸದವಳಾಗಿದ್ದರೂ ಬಿರಡೆ ಹಾಕುತ್ತಿರಲಿಲ್ಲ ಎಂದಳು. ಮೇಸ್ತ್ರಿ ಆಕೆಯ ಕಡೆಗೆ ತಿರುಗಿ ಕೂತು ಮಾತಾಡಿದ್ದು ಆವತ್ತೇ ಮೊದಲು.

ಅವನು ಒಂದು ಪಾತ್ರೆಯನ್ನು ಬೆರಳ ತುದಿಯಲ್ಲಿ ತೂಗಿ ಹಿಡಿದು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದ. ಠಣ್ ಎಂದಿತು.

"ಇದು ಮಾತಾಡತ್ತೆ ನರ್ಸಮ್ಮ. ತಗಡು ಎಲ್ಲಿ ತೆಳ್ಳಗಾಯ್ತು, ಎಲ್ಲಿ ಇನ್ನೊಂದು ಪೆಟ್ಟು ಬೇಕು, ಎಲ್ಲಿ ಸಾಕು, ಎಲ್ಲಾ ಅದೇ ಹೇಳತ್ತೆ. ನನ್ನ ಕಿವಿ ಮುಚ್ಚಿಬಿಟ್ರೆ ನಾನು ಯಾವ ಸೀಮೆ ಮೇಸ್ತ್ರಿ?"

ಇನ್ನೂ ಒಂದು ಮಾತಿತ್ತು. ಪಾತ್ರೆ ಕೊಳ್ಳುವ ವ್ಯಾಪಾರಿ ಬಂದಾಗ ಯಾರಾದರೂ ಕಿವಿಗೆ ಏನಾದರೂ ಇಟ್ಟುಕೊಂಡಿದ್ದರೆ, ಇವನ ಕಿವಿ ಹೋಯಿತು, ಇವನ ಕೆಲಸ ಮುಗಿಯಿತು ಎಂದು ಪಕ್ಕದ ಕೊಠಡಿಗೆ ನಡೆದುಬಿಡುತ್ತಿದ್ದ. ಮೇಸ್ತ್ರಿಯ ಅಣ್ಣನಿಗೆ ಹಾಗೆಯೇ ಆಗಿತ್ತು.

ನರ್ಸಮ್ಮನಿಗೆ ಹುಡುಕುತ್ತಿದ್ದದ್ದು ಸಿಕ್ಕಿದಂತಾಯಿತು. ಹಾಕಿಕೊಳ್ಳುವ ಬಗೆ ಗೊತ್ತಿಲ್ಲ, ಅನುಕೂಲವಿಲ್ಲ, ಮನಸ್ಸಂತೂ ಮೊದಲೇ ಇಲ್ಲ. ಮೂರು ಕಲ್ಲೂ ಜಾರಿದ್ದವು. ಗೋಡೆಗೆ ಎಷ್ಟು ದೊಡ್ಡ ಚಿತ್ರ ಅಂಟಿಸಿದರೆ ತಾನೆ ಏನು ಬಂತು? ಆಕೆಗೆ ಆ ಕೆಲಸದ ಬಗ್ಗೆ ಇನ್ನಷ್ಟು ಕುತೂಹಲವಾಯಿತು. ಸರಿಯಾದ ಪಾತ್ರೆ ಹೇಗೆ ಮಾತಾಡುತ್ತದೆ, ತಪ್ಪಿದ್ದು ಹೇಗೆ, ನನಗೂ ಕೇಳಿಸಿ ಎಂದಳು. ಮೇಸ್ತ್ರಿ ಉತ್ಸಾಹದಿಂದ ಅಂದೇ ಮುಗಿಸಿದ ಒಂದು ಕೊಡವನ್ನು ತೆಗೆದು ತಟ್ಟಿದ. "ಕೇಳಿದ್ರಾ, ದನಿ ಹೇಗೆ ಎದ್ದು, ಎಳೆದು, ನುಣ್ಣಗೆ ಆರ್ತು. ಇದು ಸರಿಯಾದದ್ದು."

ಸೊಸೆ ಕೈಲಿದ್ದ ಬಟ್ಟೆ ಬಿಟ್ಟು ತಲೆಯೆತ್ತಿದಳು. ದನಿ ನುಣ್ಣಗೆ ಆರಿರಲಿಲ್ಲ. ಅದರ ಬಾಲದಲ್ಲಿ ಸಣ್ಣಗೆ, ನೊಣ ಗುಂಯ್‌ಗುಟ್ಟಿದಂತೆ ಒಂದು ಗರಗರ ಇತ್ತು. ಎಲ್ಲೋ ಕೂದಲೆಳೆಯಷ್ಟು ಬಿರುಕು. ಅವಳು ಗಂಡನ ಕಡೆ ನೋಡಿದಳು. ಗಂಡ ಅವಳ ಕಡೆ ನೋಡಿದ. ಇಬ್ಬರೂ ತಲೆ ತಗ್ಗಿಸಿದರು.

ಮೇಸ್ತ್ರಿಯ ಕಿವಿ ಮಂದವಾಗಿತ್ತೇ ಹೊರತು ಕಣ್ಣು ಚುರುಕಾಗಿತ್ತು. ಮಗ ಸೊಸೆಯರ ನೋಟ ಅವನಿಗೆ ಕಂಡಿತು. ಕೊಡವನ್ನು ಇನ್ನೊಮ್ಮೆ ತಟ್ಟಿದ. ಕಿವಿಗೆ ಹತ್ತಿರ ಹಿಡಿದು ಮತ್ತೂ ಒಮ್ಮೆ ತಟ್ಟಿದ. ಆಮೇಲೆ ಅದನ್ನು ಕೆಳಗಿಟ್ಟು, ಕೈ ಒರೆಸಿಕೊಂಡು ಹಿತ್ತಲಿಗೆ ಹೋದ. ನರ್ಸಮ್ಮ ಅವನ ಹಿಂದೆ ಹೋಗಲಿಲ್ಲ. ಇದೇ ಸಮಯ ಎಂದು ಬುದ್ಧಿ ಹೇಳಲೂ ಇಲ್ಲ. ನಾಳೆ ಬರುತ್ತೇನೆ ಎಂದಷ್ಟೇ ಹೇಳಿ ಎದ್ದು ಹೋದಳು.

ಸಂಜೆ ಎಲ್ಲರೂ ಕೈಕಾಲು ತೊಳೆದ ಮೇಲೆ ಮೇಸ್ತ್ರಿ ಸೊಸೆಯನ್ನು ಕರೆದ. ಕೊಡ ಅವನ ಮುಂದೆಯೇ ಇತ್ತು.

"ನಿಜ ಹೇಳಮ್ಮ. ಏನು ಕೇಳಿಸ್ತು ನಿನಗೆ?"

ಅವಳಿಗೆ ಹೇಳಲು ಕಷ್ಟವಾಯಿತು. ಹೇಳದಿರಲೂ ಆಗಲಿಲ್ಲ. "ಕೊನೇಲಿ ಸಣ್ಣಗೆ ಗರಗರ ಅಂತು ಮಾವ."

ಅವನು ಕೊಡದ ಅಂಚನ್ನು ಬೆರಳಿಂದ ಸವರಿದ. ದನಿಯ ಕೊನೆ ತನಗೆ ಕೇಳಿಸದೆ ಕೆಲವು ಕಾಲವೇ ಆಗಿದೆ, ಬೆರಳಿಗೆ ಸಿಗುವ ಅದುರುವಿಕೆಯಿಂದ ಅಂದಾಜು ಮಾಡುತ್ತಿದ್ದೇನೆ ಎಂದು ಮೆಲ್ಲಗೆ ಹೇಳಿದ. ಹೆಂಡತಿಗೂ ಅವನು ಅದನ್ನು ಹೇಳಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಆಕೆಗೆ ಕಣ್ಣು ತುಂಬಿತು. ರೇಡಿಯೋ ಜೋರು ಮಾಡು ಎಂದಾಗಲೆಲ್ಲ ತಾನು ಗೊಣಗಿದ್ದು ಅವಳಿಗೆ ನೆನಪಾಯಿತು.

ಮರುದಿನ ನರ್ಸಮ್ಮ ಬಂದಾಗ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ. "ಹೋದ ಕಿವಿ ವಾಪಸ್ ಬರತ್ತಾ?"

"ಇಲ್ಲ ಮೇಸ್ತ್ರಿಗಳೇ, ಸುಳ್ಳು ಹೇಳಲ್ಲ. ಸದ್ದಿಂದ ಹೋಗಿದ್ದು ಬರಲ್ಲ. ಸಣ್ಣ ದನಿ ಮೊದಲು ಹೋಗತ್ತೆ, ಆಮೇಲೆ ಮಾತು ಹೋಗತ್ತೆ. ಆದ್ರೆ ಇವತ್ತು ಇರೋದನ್ನ ಉಳಿಸ್ಕೋಬಹುದು. ನಿಮ್ಮ ಮಗನದ್ದಂತೂ ಇನ್ನೂ ಚೆನ್ನಾಗಿದೆ."

ಮಗನ ಮಾತು ಬಂದಾಗ ಅವನ ಮುಖ ಬದಲಾಯಿತು. ಆದರೂ ಒಮ್ಮೆಲೇ ಒಪ್ಪುವ ಆಸಾಮಿ ಅವನಲ್ಲ. ಕಿವಿ ಮುಚ್ಚಿ ಪಾತ್ರೆ ಮಾಡುವುದು ಹೇಗೆ ಎಂದು ನೀವೇ ಹೇಳಿ ಎಂದ. ಅದನ್ನು ನೀವೇ ಹೇಳಬೇಕು, ಕೆಲಸ ನಿಮ್ಮದು ಎಂದಳು ನರ್ಸಮ್ಮ. ದಿನದ ಕೆಲಸದಲ್ಲಿ ಪಾತ್ರೆಯ ದನಿ ಕೇಳಲೇಬೇಕಾದದ್ದು ಯಾವಾಗ, ಕೇಳದಿದ್ದರೂ ನಡೆಯುವುದು ಯಾವಾಗ ಎಂದು ಕೇಳಿದಳು.

ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮೇಸ್ತ್ರಿ ಯೋಚಿಸಿದ. ಚಪ್ಪಟೆ ತಗಡನ್ನು ಬಗ್ಗಿಸಿ ಹೊಟ್ಟೆ ತರಿಸುವ ಒರಟು ಬಡಿತಕ್ಕೆ ಕಿವಿ ಬೇಕಾಗಿಲ್ಲ, ಕಣ್ಣು ಸಾಕು. ಭಾರಿ ಸದ್ದು ಬರುವುದೂ ಆಗಲೇ. ದನಿ ಕೇಳಬೇಕಾದದ್ದು ಕೊನೆಯ ನಯಗೆಲಸಕ್ಕೆ. ಆಗ ಪೆಟ್ಟು ಹಗುರ, ಸದ್ದೂ ಕಡಿಮೆ. ಹಾಗಾದರೆ ಬೆಳಗ್ಗೆ ಒರಟು ಬಡಿತ, ಆಗ ಕಿವಿ ಮುಚ್ಚುವುದು. ಮಧ್ಯಾಹ್ನ ನಯಗೆಲಸ, ಆಗ ತೆಗೆಯುವುದು. ಹೀಗೆ ಮಾಡಿದರೆ ಹೇಗೆ ಎಂದು ಹೇಳಿದ್ದು ಅವನೇ.

ಒಳಗಿನಿಂದ ಸೊಸೆ ಒಂದು ತಕರಾರು ತೆಗೆದಳು. ನಾವು ನಯಗೆಲಸ ಮಾಡುವಾಗ ಪಕ್ಕದವರು ಒರಟು ಬಡಿತ ಶುರು ಮಾಡಿದರೆ? ಮಾತು ನಿಜವೇ. ಆದರೆ ಬೀದಿಯನ್ನೆಲ್ಲ ಒಂದೇ ಸಲ ಒಪ್ಪಿಸಲು ಹೊರಟರೆ ಎತ್ತು ಏರಿಗೆ, ಕೋಣ ನೀರಿಗೆ. ಮೊದಲು ಒಂದೇ ಕೊಠಡಿಯಲ್ಲಿ ಮಾಡಿ ನೋಡೋಣ, ಎಡವಿದರೆ ತಿದ್ದಿಕೊಳ್ಳೋಣ ಎಂದಳು ನರ್ಸಮ್ಮ.

ಅವರು ಎಡವಿದರು ಕೂಡ. ಮಸಿ ಕೈಗೆ ಸ್ಪಂಜು ಆಗದೆಂದು ನರ್ಸಮ್ಮ ಹೆಡ್‌ಫೋನ್ ಹಾಗೆ ತಲೆಯ ಮೇಲಿಂದ ಕೂರುವ ಕಿವಿ ಮುಚ್ಚಳಗಳನ್ನು ತರಿಸಿದಳು. ಕುಲುಮೆಯ ಬಳಿ ಅದರೊಳಗೆ ಬೆವರು ಹರಿಯಿತು. ಮೇಸ್ತ್ರಿಯ ಮಗ ಸದ್ದಿಲ್ಲದೆ ಅದನ್ನು ಮೊಳೆಗೆ ತೂಗುಹಾಕಿಬಿಟ್ಟ. ನರ್ಸಮ್ಮ ಬಂದವಳು ಅದನ್ನು ನೋಡಿ ಯಾಕೆ ಹಾಕಲಿಲ್ಲ ಎಂದು ಗದರಲಿಲ್ಲ. ಎಲ್ಲಿ ಕಷ್ಟವಾಯಿತು ಎಂದು ಕೇಳಿದಳು. ಅವನು ಹೇಳಿದ. ಮುಂದಿನ ಸಲ ಬರುವಾಗ ದಾರಕ್ಕೆ ಕಟ್ಟಿದ, ತೊಳೆದು ಬಳಸುವಂಥ ರಬ್ಬರ್ ಬಿರಡೆಗಳನ್ನು ತಂದಳು. ಕೆಲಸಕ್ಕೆ ಕೂರುವ ಮುಂಚೆ, ಕೈ ಶುದ್ಧವಿರುವಾಗಲೇ ಹಾಕಿಕೊಳ್ಳಬೇಕು. ಒಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಹಿಡಿದರೆ ಬಿರಡೆ ಸಲೀಸಾಗಿ ಒಳಗೆ ಕೂರುತ್ತದೆ. ತೆಗೆಯಲು ದಾರ ಎಳೆದರೆ ಸಾಕು, ಮಸಿ ತಾಗುವುದಿಲ್ಲ. ತೆಗೆದದ್ದು ಕೊರಳಲ್ಲೇ ತೂಗುತ್ತಿರುತ್ತದೆ, ಕಳೆದುಹೋಗುವುದಿಲ್ಲ. ಕಾದ ಪಾತ್ರೆ ಹಿಡಿದವರು ಇನ್ನು ಮುಂದೆ ಹಿಂದಿನಿಂದ ಬರಕೂಡದು, ಎಲ್ಲರ ಕಣ್ಣಿಗೆ ಕಾಣುವಂತೆ ಎದುರಿನಿಂದಲೇ ಬರಬೇಕು ಎಂದು ಮೇಸ್ತ್ರಿ ಕಟ್ಟುನಿಟ್ಟು ಮಾಡಿದ. ಅದಕ್ಕಾಗಿ ಕುಲುಮೆಯ ಮುಂದಿನ ಸಾಮಾನನ್ನೆಲ್ಲ ಸರಿಸಿ ಅತ್ತೆ ಸೊಸೆ ದಾರಿ ಮಾಡಿಕೊಟ್ಟರು.

ಕೊನೆಗೆ ವ್ಯಾಪಾರಿ ಬಂದ. ಮೇಸ್ತ್ರಿಯ ಕಿವಿಯಿಂದ ಇಳಿಬಿದ್ದ ದಾರವನ್ನು ನೋಡಿ ಬಾಗಿಲಲ್ಲೇ ನಿಂತ. ಏನು ಮೇಸ್ತ್ರಿ, ನಿಮ್ಮ ಕಿವಿಯೂ ಅಣ್ಣನ ದಾರಿ ಹಿಡಿಯಿತಾ ಎಂದು ಜೋರಾಗಿ ಕೂಗಿ ಕೇಳಿದ. ಮಗ ಸೊಸೆ ಕೆಲಸ ನಿಲ್ಲಿಸಿ ನೋಡಿದರು. ಮೇಸ್ತ್ರಿ ದಾರ ಎಳೆದು ಬಿರಡೆ ತೆಗೆದ.

"ಖಾಲಿ ಪೆಟ್ಟಿಗೆಗೆ ಯಾರಾದ್ರೂ ಬೀಗ ಹಾಕ್ತಾರಾ ಸಾಹುಕಾರ್ರೇ? ಒಳಗೆ ಒಡವೆ ಇದ್ರೇನೇ ಬೀಗ."

ವ್ಯಾಪಾರಿಗೆ ನಗು ಬಂತು. ಕೂತು, ಪಾತ್ರೆಗಳನ್ನು ಒಂದೊಂದಾಗಿ ತಟ್ಟಿ ನೋಡಿ, ಎಂದಿನಂತೆಯೇ ಕೊಂಡುಹೋದ. ಆ ಮಾತು ಸಂಜೆಯೊಳಗೆ ಬೀದಿಯೆಲ್ಲ ಸುತ್ತಿತು. ಮುಂದಿನ ವಾರ ಪಕ್ಕದ ಕೊಠಡಿಯವರು ತಾವಾಗಿಯೇ ಬಂದು, ನಮಗೂ ಆ ದಾರದ್ದು ಬೇಕು ಎಂದರು. ಹಿರಿಯ ಮೇಸ್ತ್ರಿಯೇ ಹಾಕಿಕೊಂಡ ಮೇಲೆ ಕಿರಿಯರಿಗೆ ನಾಚಿಕೆಯ ಪ್ರಶ್ನೆಯೇ ಉಳಿಯಲಿಲ್ಲ. ಆಮೇಲೆ ಎಲ್ಲರೂ ಕೂತು, ಒರಟು ಬಡಿತ ಊಟಕ್ಕೆ ಮುಂಚೆ, ನಯಗೆಲಸ ಊಟದ ಮೇಲೆ ಎಂದು ಗೊತ್ತು ಮಾಡಿಕೊಂಡರು. ಒಂದಿಬ್ಬರು ಇನ್ನೂ ಒಪ್ಪಿಲ್ಲ. ನರ್ಸಮ್ಮ ಅವರ ಬಾಗಿಲಲ್ಲೂ ಹೋಗಿ ಕೂತುಕೊಳ್ಳುತ್ತಾಳೆ. ಅವರ ಕಾರಣ ಬೇರೆಯೇ ಇರಬಹುದು ಎನ್ನುತ್ತಾಳೆ.

ಡಾಕ್ಟರಮ್ಮ ಒಂದು ಮಧ್ಯಾಹ್ನ ತಾವೇ ನೋಡಲು ಬಂದರು. ಬಹಳ ಸಂತೋಷಪಟ್ಟು, ಹತ್ತಿ ಗಿರಣಿಯ ಕೆಲಸಗಾರರಿಗೂ ಇದೇ ದಾರದ ಬಿರಡೆ ಹಂಚಿಬಿಡೋಣ ಎಂದರು.

"ಹಂಚೋಣ ಮೇಡಂ, ಆದ್ರೆ ಮೊದಲು ಹೋಗಿ ಕೂತು ಕೇಳಿ ಬರ್ತೀನಿ. ಇಲ್ಲಿನ ಉತ್ತರ ಅಲ್ಲಿಗೆ ಆಗುತ್ತೋ ಇಲ್ವೋ ಗೊತ್ತಿಲ್ಲ. ಪ್ರಶ್ನೆ ಮಾತ್ರ ಒಂದೇ" ಎಂದಳು ನರ್ಸಮ್ಮ.

ಈ ಸಲ ಡಾಕ್ಟರಮ್ಮ ನಗಲಿಲ್ಲ. ನಾನೂ ಬರುತ್ತೇನೆ, ನಡೆ ಎಂದರು.

ಅವರು ಹೊರಡುವ ಹೊತ್ತಿಗೆ ಮೇಸ್ತ್ರಿ ಸೊಸೆಯನ್ನು ತೊಳೆಯುವ ಕೆಲಸದಿಂದ ಎಬ್ಬಿಸಿ ತನ್ನ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಹೆಂಗಸರು ಆ ಜಾಗದಲ್ಲಿ ಕೂತದ್ದನ್ನು ಬೀದಿಯವರು ಕಂಡಿರಲಿಲ್ಲ. ನನ್ನ ಕೈ ಇದೆ, ನಿನ್ನ ಕಿವಿ ಇದೆ, ಎರಡೂ ಸೇರಿದರೆ ಒಬ್ಬ ಮೇಸ್ತ್ರಿ ಆದಂತೆ, ನಿಧಾನಕ್ಕೆ ಕೈಯ ಕೆಲಸವನ್ನೂ ಕಲಿಸಿಕೊಡುತ್ತೇನೆ ಎಂದು ಅವನು ಹೇಳಿದ್ದ. ಅವಳು ಕೊಡತಿ ಹಿಡಿದು ಪಾತ್ರೆಯನ್ನು ತಟ್ಟಿದಳು, ಕಣ್ಣು ಮುಚ್ಚಿ ದನಿಯ ಕೊನೆಯವರೆಗೂ ಆಲಿಸಿದಳು.

"ಎಡಗಡೆ, ಕುತ್ತಿಗೆ ಹತ್ರ, ಇನ್ನೊಂದೇ ಪೆಟ್ಟು ಮಾವ."

ಮೇಸ್ತ್ರಿ ಅಲ್ಲಿಗೇ ಒಂದು ಪೆಟ್ಟು ಕೊಟ್ಟ.

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಕೆಲಸದ ಜಾಗದಲ್ಲಿ ಕೈಯಳತೆ ದೂರದಲ್ಲಿ ನಿಂತವರೊಡನೆ ಕೂಗಿ ಮಾತಾಡಬೇಕಾಗಿದೆಯೇ? ಕೆಲಸ ಬಿಟ್ಟ ಮೇಲೂ ಕಿವಿ ಗುಂಯ್ ಎನ್ನುತ್ತಿದೆಯೇ? ಹಾಗಿದ್ದರೆ ಆ ಸದ್ದು ನಿಮ್ಮ ಕಿವಿಯನ್ನು ತಿನ್ನುತ್ತಿದೆ. ಬರಿ ಹತ್ತಿ ಇಟ್ಟುಕೊಂಡರೆ ಸಾಲದು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಕಿವಿ ತೋರಿಸಿ, ನಿಮ್ಮ ಕೆಲಸಕ್ಕೆ ಒಗ್ಗುವ ರಕ್ಷಣೆಯನ್ನು ಕೇಳಿ ಪಡೆಯಿರಿ. ನೀವು ಇನ್ನೊಬ್ಬರಿಗೆ ಆರೋಗ್ಯದ ಮಾತು ಹೇಳುವವರಾದರೆ, ಮನೆಯ ಹಿರಿಯರಿಗಾಗಲಿ, ಸಂಘದ ಗೆಳತಿಗಾಗಲಿ, ಒಂದು ಊರಿಗೇ ಆಗಲಿ, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು ಕೈಚೆಲ್ಲುವ ಮುಂಚೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ನಿಮಗೆ ಏನು ಅಡ್ಡ ಬರುತ್ತಿದೆ ಎಂದು ಕೇಳಿ. ಉತ್ತರ ಬರುವವರೆಗೆ ಅಲ್ಲಿಂದ ಏಳಬೇಡಿ.